ಕೆಳಗಿನಿಂದ ಕತ್ತರಿಸಿದ ಕಥೆ

“ಕೆಳಗಿಂದ ಕತ್ತರಿಸಿದೆ, ಅಷ್ಟೇ,” ಎಂದ ಪುಟ ಕಟ್ಟುವವನು. ಉಗುರು ಕತ್ತರಿಸಿದೆ ಅನ್ನುವಷ್ಟು ಸಲೀಸಾಗಿತ್ತು ಅವನ ಮಾತು.

“ಏನನ್ನ ಕತ್ತರಿಸಿದಿರಿ?”

“ಕಥೇನ ಮೇಡಂ. ಸೋಪಿನ ಜಾಹೀರಾತು ಕೊನೇ ಗಳಿಗೇಲಿ ಬಂತು. ಜಾಗ ಎಲ್ಲಿಂದ ತರಲಿ? ಕೆಳಗಿಂದ ಒಂದು ಪ್ಯಾರಾ ಎತ್ತಿದೆ. ಸೋಪು ಚೆನ್ನಾಗಿ ಕೂತ್ಕೊಳ್ತು.”

ವಾರಪತ್ರಿಕೆಯ ಆ ಕೋಣೆಯಲ್ಲಿ ಎರಡು ಕಂಪ್ಯೂಟರು, ಒಂದು ಕಿಟಕಿ, ಕಿಟಕಿಯ ಅರ್ಧದವರೆಗೆ ಪೇರಿಸಿಟ್ಟ ಹಳೆಯ ಸಂಚಿಕೆಗಳು. ನನಗೆ ಕೊಟ್ಟ ಸ್ಟೂಲಿನ ಒಂದು ಕಾಲು ಗಿಡ್ಡ. ಸಿಟ್ಟು ಬಂದರೆ ಕುಳಿತಲ್ಲೇ ಅಲ್ಲಾಡುವ ಅಭ್ಯಾಸ ನನ್ನದು. ಸ್ಟೂಲು ಟಕಟಕ ಎನ್ನತೊಡಗಿತು.

“ಅದು ಪತ್ತೇದಾರಿ ಧಾರಾವಾಹಿಯ ಕೊನೇ ಕಂತು ಕಣ್ರೀ. ಕೊಲೆ ಮಾಡಿದ್ದು ಯಾರು ಅಂತ ಕೊನೇ ಪ್ಯಾರಾದಲ್ಲೇ ಇರೋದು. ಅದನ್ನೇ ಎತ್ತಿಬಿಟ್ರಾ?”

ಅವನ ಮುಖದಲ್ಲಿ ತಪ್ಪು ಮಾಡಿದವರ ಕಳೆ ಎಳ್ಳಷ್ಟೂ ಇರಲಿಲ್ಲ.

“ನಾನು ಇಷ್ಟು ವರ್ಷ ದಿನಪತ್ರಿಕೇಲಿದ್ದವನು. ಇಲ್ಲಿಗೆ ಬಂದಿದ್ದು ಮೊನ್ನೆ ಮೊನ್ನೆ. ಸುದ್ದಿ ಉದ್ದ ಆದ್ರೆ ಕಣ್ಣು ಮುಚ್ಚಿಕೊಂಡು ಕೆಳಗಿಂದ ಕತ್ತರಿಸೋದು ಮೇಡಂ. ಮುಖ್ಯವಾದದ್ದೆಲ್ಲ ಮೇಲಿರುತ್ತೆ. ಕೆಳಗಿರೋದು ‘ಈ ಸಂದರ್ಭದಲ್ಲಿ ಇನ್ನೂ ಹಲವರು ಹಾಜರಿದ್ದರು’ ಅನ್ನೋ ಥರದ್ದು.”

“ಕಥೆ ಬರೆಯೋರು ಮುಖ್ಯವಾದದ್ದನ್ನ ಕೆಳಗೇ ಇಟ್ಕೊಂಡಿರ್ತಾರೆ.”

“ಎಂಥ ಕೆಟ್ಟ ಅಭ್ಯಾಸ!” ಎಂದ, ನಿಜವಾಗಿಯೂ ಬೇಸರಪಟ್ಟು.

ರೇಗುವುದೋ ನಗುವುದೋ ತಿಳಿಯಲಿಲ್ಲ. ಇವನು ಎತ್ತಿದ ಒಂದು ಪ್ಯಾರಾದಿಂದ ಒಬ್ಬರ ಅಂಗಡಿಯ ಗಾಜು ಪುಡಿಯಾಗಿತ್ತು, ಒಬ್ಬಳು ಮನೆ ಬಿಟ್ಟಿದ್ದಳು.

ಅಂಗಡಿ ಗಡಿಯಾರ ರಿಪೇರಿಯವರದು. ಬಹಳ ವರ್ಷಗಳ ಹಿಂದೆ ಅವರ ಹೆಂಡತಿ ಬಟ್ಟೆ ಒಣಹಾಕುವಾಗ ತಾರಸಿಯಿಂದ ಹಿತ್ತಲಿಗೆ ಬಿದ್ದು ತೀರಿಕೊಂಡರು. ಕಾಲು ಜಾರಿದ್ದು ಎಂದು ಪೊಲೀಸರು ಬರೆದು ಮುಗಿಸಿದರು. ಆ ಹಳೇ ಸುದ್ದಿ ಕಾದಂಬರಿಕಾರರೊಬ್ಬರ ಕಣ್ಣಿಗೆ ಬಿದ್ದು ಧಾರಾವಾಹಿಯಾಯಿತು. ಗಡಿಯಾರದ ಬದಲು ರೇಡಿಯೋ ರಿಪೇರಿ ಎಂದು ಬದಲಾಯಿಸಿದ್ದರು ಮಹಾನುಭಾವರು. ಅದರಿಂದ ಯಾರ ಕಣ್ಣಿಗೆ ಮಣ್ಣು ಬಿತ್ತೋ, ಆ ಬೀದಿಯವರ ಕಣ್ಣಿಗಂತೂ ಬೀಳಲಿಲ್ಲ. ಅಚ್ಚಾದ ಕೊನೆಯ ಕಂತು ಹೀಗೆ ಮುಗಿಯುತ್ತದೆ: ‘ಅವಳ ಹಿಂದೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಗಂಡ ಬಂದನೆಂದುಕೊಂಡು ಅವಳು ತಿರುಗಿ ನೋಡಲಿಲ್ಲ.’ ಅದರ ಕೆಳಗೆ ಸೋಪು.

ಓದಿದವರು ಪತ್ರಿಕೆ ಮಡಚಿಡುವಷ್ಟರಲ್ಲಿ ತೀರ್ಪು ಕೊಟ್ಟಾಗಿತ್ತು. ಗಂಡನೇ ತಳ್ಳಿದ್ದು. ಆ ವಾರವೇ ಯಾರೋ ಅಂಗಡಿಗೆ ಕಲ್ಲು ಬೀಸಿದರು.

ಮನೆ ಬಿಟ್ಟವಳು ರಿಪೇರಿಯವರ ಒಬ್ಬಳೇ ಮಗಳು. ಕನ್ನಡಕದಂಗಡಿಯಲ್ಲಿ ಕೆಲಸ, ಅಳೆದು ತೂಗಿ ಮಾತಾಡುವ ಹುಡುಗಿ. ನನ್ನ ಪತ್ತೇದಾರಿ ಕಚೇರಿಗೆ ಬಂದಾಗ ಕುರ್ಚಿಯ ತುದಿಯಲ್ಲಿ ಕುಳಿತು ಹೇಳಿದ್ದಳು: “ಕಥೆ ಓದಿ ನಂಬೋವಷ್ಟು ಪೆದ್ದಿ ಅಲ್ಲ ಮೇಡಂ ನಾನು. ಆದ್ರೆ ಆ ಕಥೇಲಿ ಅಮ್ಮನ ಬಾಯಲ್ಲಿ ಬಟ್ಟೆ ಕ್ಲಿಪ್ಪು ಇದೆ. ಎರಡು ಕೈಯಲ್ಲೂ ಬೆಡ್‌ಶೀಟು ಹಿಡ್ಕೊಂಡು ಕ್ಲಿಪ್ಪನ್ನ ಹಲ್ಲಲ್ಲಿ ಕಚ್ಕೊಳ್ಳೋಳು. ಬಿದ್ದಾಗ ಮೊದಲು ಹತ್ರ ಹೋದವಳು ನಾನು. ಅದನ್ನ ಬಾಯಿಂದ ತೆಗೆದು ಫ್ರಾಕಿನ ಜೇಬಲ್ಲಿ ಹಾಕ್ಕೊಂಡೆ. ಕಳೆದುಹೋದ್ರೆ ಬೈತಾಳೆ ಅಂತ. ಇದುವರೆಗೂ ಯಾರಿಗೂ ಹೇಳಿಲ್ಲ. ಕಥೆ ಬರೆದವರಿಗೆ ಹೇಗೆ ಗೊತ್ತಾಯ್ತು? ಹೇಳಿದವರು ಯಾರೋ ಅಲ್ಲಿದ್ದಿರಬೇಕು. ಅಪ್ಪ ನೋಡಿದ್ರೆ ಕೆಳಗೆ ಅಂಗಡೀಲಿದ್ದೆ ಅಂತಾರೆ.”

ಆಮೇಲೆ ಅವಳು ಕೇಳಿದ್ದು ಇಷ್ಟೇ: ಅಪ್ಪ ಹೌದೋ, ಅಲ್ಲವೋ?

“ಆ ಪ್ಯಾರಾ ಈಗ ಎಲ್ಲಿದೆ?” ಎಂದು ಪುಟ ಕಟ್ಟುವವನನ್ನು ಕೇಳಿದೆ.

“ಅಳಿಸಿದೆ.”

“ಓದಿದ್ರಾ?”

“ಪುಟ ಕಟ್ಟೋರು ಓದ್ತಾ ಕೂತ್ರೆ ಪತ್ರಿಕೆ ಹೊರಗೆ ಬರುತ್ತಾ? ಎಲ್ಲಿಂದ ಕತ್ತರಿಸಬೇಕು ಅಂತ ನೋಡುವಾಗ ಒಂದು ಸಾಲು ಕಣ್ಣಿಗೆ ಬಿತ್ತು. ‘ಬಂದದ್ದು ಗಂಡನಾಗಿರಲಿಲ್ಲ.’”

ಸ್ಟೂಲಿನ ಟಕಟಕ ನಿಂತಿತು.

“ಇನ್ನೊಂದು ಸಲ ಹೇಳಿ.”

“ಬಂದದ್ದು ಗಂಡನಾಗಿರಲಿಲ್ಲ.”

“ಆಮೇಲೆ?”

“ಆಮೇಲೆ ಸೋಪು.”

ನನಗೆ ಬೇಕಾದ ಸಾಲು ಸಿಕ್ಕಿತ್ತು. ಎದ್ದವಳೇ ಪಕ್ಕದ ಕೋಣೆಗೆ ನುಗ್ಗಿದೆ. ಸಂಪಾದಕಿ ಫೋನಿನಲ್ಲಿದ್ದರು, ನನ್ನ ಮುಖ ನೋಡಿ ಇಟ್ಟರು. ಗಾಜು, ಕಲ್ಲು, ವಕೀಲರು ಎಂದೆಲ್ಲ ನಾನು ಶುರುಮಾಡಿದರೆ ಅವರು ಕೈ ಎತ್ತಿ ತಡೆದರು.

“ನೋಡಿ, ಈ ಮುಕ್ತಾಯ ಓದುಗರಿಗೆ ತುಂಬಾ ಹಿಡಿಸಿದೆ. ‘ನಮಗೆ ಮೊದಲೇ ಗೊತ್ತಿತ್ತು’ ಅಂತ ಖುಷಿಯೋ ಖುಷಿ. ಕೂಗಾಡಿದ್ದು ಬರೆದವರೊಬ್ಬರೇ.”

“ಬಿಟ್ಟುಹೋದ ಪ್ಯಾರಾನ ಈ ವಾರದ ಸಂಚಿಕೇಲೇ ಹಾಕಬೇಕು. ಎದ್ದು ಕಾಣೋ ಹಾಗೆ.”

ಅವರು ಎರಡು ಸಲ ಕಣ್ಣು ಮಿಟುಕಿಸಿದರು. ವ್ಯಾಪಾರದ ಬುದ್ಧಿ ಚುರುಕಾಗಿತ್ತು ಅಂತ ಕಾಣುತ್ತದೆ. “‘ಅಚ್ಚಾಗದೇ ಉಳಿದ ನಿಜವಾದ ಅಂತ್ಯ’ ಅಂತ ಮುಖಪುಟದಲ್ಲೇ ಹಾಕೋಣ. ಸಂಜೆ ಪುಟ ಹೋಗುತ್ತೆ. ಬರೆದವರಿಂದ ಈಗಲೇ ತರಿಸ್ತೀನಿ.”

ಇಷ್ಟು ಸುಲಭವಾಗಿ ಒಪ್ಪಿದರಲ್ಲ ಎಂದು ನನಗೇ ನನ್ನ ಮೇಲೆ ಹೆಮ್ಮೆಯಾಯಿತು. ಮೆಟ್ಟಿಲಿಳಿಯುತ್ತಲೇ ಮಗಳಿಗೆ ಫೋನ್ ಮಾಡಿದೆ.

“ನಿಮ್ಮಪ್ಪ ಅಲ್ಲ ಕಣಮ್ಮಾ. ಬಿಟ್ಟುಹೋದ ಪ್ಯಾರಾದಲ್ಲಿ ಗಂಡ ಅಲ್ಲ ಅಂತಲೇ ಇದೆ. ನಾಡಿದ್ದು ಬೆಳಿಗ್ಗೆ ಪತ್ರಿಕೇಲಿ ಬರುತ್ತೆ, ನೀವೇ ಓದಿ.”



“ಅಲ್ವಾ?” ಎಂದಳು. “ಸರಿ ಮೇಡಂ.”

ಕಾಯುತ್ತಿದ್ದ ಬಸ್ಸು ಇವತ್ತು ಬರುವುದಿಲ್ಲ ಎಂದು ತಿಳಿದವರ ದನಿ ಅದು. ಖುಷಿಗೇ ಹಾಗಾಗಿರಬೇಕು ಎಂದು ನಾನೇ ಅರ್ಥ ಮಾಡಿಕೊಂಡೆ.

*

ನಾನು ಮೊದಲು ವಿಮೆ ಕಂಪನಿಗೆ ತನಿಖೆ ಮಾಡುತ್ತಿದ್ದವಳು. ಕಥೆ ಎಂದರೆ ನನಗೆ ಆಗಿಬರುವುದಿಲ್ಲ. ಹೇಳುವುದನ್ನು ಮೊದಲ ಸಾಲಿನಲ್ಲೇ ಹೇಳಿ ಮುಗಿಸಬಾರದೇ ಅನ್ನಿಸುತ್ತದೆ. ನಮ್ಮ ಅತ್ತೆ ತದ್ವಿರುದ್ಧ. ವಾರಪತ್ರಿಕೆ ಬಂದ ದಿನ ಅವರನ್ನು ಮಾತಾಡಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಮನೆಗೆ ಬಂದಾಗ ಹೊಸ ದಿಂಬಿನ ಚೀಲಕ್ಕೆ ಗುಂಡಿ ಹೊಲಿಯುತ್ತಾ ಕುಳಿತಿದ್ದರು.

“ಆ ಧಾರಾವಾಹಿ ಕೊನೆ ಹೇಗಿತ್ತು ಅತ್ತೆ?”

“ಮೋಸ.”

“ಯಾಕೆ?”

“ಗಂಡ ಅಂತ ನನಗೆ ಮೂರನೇ ಕಂತಿಗೇ ಗೊತ್ತಿತ್ತು. ಗೊತ್ತಿರೋದನ್ನ ಹೇಳೋಕೆ ಕಥೆ ಬರೆಯೋನ್ಯಾಕೆ ಬೇಕು?”

“ಗೊತ್ತಿಲ್ಲದೇ ಇರೋ ಯಾರನ್ನೋ ತಂದು ನಿಲ್ಲಿಸಿದ್ರೆ?”

“ಅದಕ್ಕಿಂತ ದೊಡ್ಡ ಮೋಸ. ಅವನು ಹೇಳೋ ತನಕ ನನಗೆ ಗೊತ್ತಾಗಬಾರದು. ಹೇಳಿದ ತಕ್ಷಣ ಅಯ್ಯೋ, ಇದು ನನಗೆ ಗೊತ್ತಿತ್ತಲ್ಲ ಅನ್ನಿಸಬೇಕು.”

“ಅಂದ್ರೆ ಗೊತ್ತಿರಬೇಕೋ ಬೇಡವೋ?”

“ನಿನಗೆ ಅರ್ಥ ಆಗಲ್ಲ ಬಿಡು. ನೀನು ಓದೋದು ಬರೀ ಔಷಧಿ ಬಾಟ್ಲಿ ಮೇಲಿನ ಚೀಟಿ.”

ನನ್ನ ತಲೆ ಮೊಸರು ಗಡಿಗೆಯಾಯಿತು. ಬಾಯಿ ಮುಚ್ಚಿಸೋಣವೆಂದು ಪುಟ ಕಟ್ಟುವವನು ಹೇಳಿದ ಸಾಲನ್ನು ಹೇಳಿದೆ. ಬಂದದ್ದು ಗಂಡನಾಗಿರಲಿಲ್ಲ.

ಅತ್ತೆಯ ಸೂಜಿ ಅಲ್ಲೇ ನಿಂತಿತು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಗಂಡ ಅಲ್ಲ ಅಂದ್ರೆ ಇನ್ಯಾರು? ಆ ಕಥೇಲಿ ಮನೇಲಿರೋರೇ ಮೂರು ಜನ.”

“ಕಳ್ಳ ಯಾರೋ ಬಂದಿರಬಹುದು.”

“ಇಲ್ಲದ ಕಳ್ಳನ್ನ ಕೊನೇ ಸಾಲಲ್ಲಿ ಕರೆಯೋಕೆ ಅವನೇನು ಪೆದ್ದನಾ? ಅಯ್ಯೋ... ಪ್ರತಿ ಕಂತಲ್ಲೂ ಆ ಮಗು ಮೆಟ್ಟಿಲ ಮೇಲೆ ಆಡ್ತಾ ಕೂತಿರುತ್ತಲ್ಲೇ. ಯಾಕೆ ಅದನ್ನ ಸುಮ್ಮಸುಮ್ಮನೆ ತರ್ತಾನೆ ಅಂದ್ಕೊಂಡಿದ್ದೆ.”

“ಮಗುನಾ! ಕಥೆ ಓದಿ ಓದಿ ನಿಮಗೆ ತಲೆ ಕೆಟ್ಟಿದೆ ಅತ್ತೆ.”

“ಇದು ನನಗೆ ಗೊತ್ತಿತ್ತಲ್ಲ,” ಎಂದರು ಅತ್ತೆ. ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ. ಗುಂಡಿ ಹೊಲಿಯುವುದನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರು.

*

ಮರುದಿನ ಮಧ್ಯಾಹ್ನ ಕಾದಂಬರಿಕಾರರ ಮನೆ. ಕ್ಲಿಪ್ಪಿನ ಸಂಗತಿ ಬಾಯಿಬಿಟ್ಟವರು ಯಾರು ಎಂಬುದೊಂದು ಉಳಿದಿತ್ತು. ಅದಕ್ಕಾಗಿ ಹೋದದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಅತ್ತೆಯ ಮಾತು ತಲೆಯಿಂದ ಹೋಗಿರಲಿಲ್ಲ ಎಂಬುದು ನಿಜ.

ಅವರ ಕೋಣೆಯಲ್ಲಿ ಪುಸ್ತಕಕ್ಕಿಂತ ಪೆನ್ಸಿಲು ಹೆಚ್ಚು. ಮೇಜು ಗೋಡೆಗೆ ಮುಖಮಾಡಿತ್ತು. ಕಿಟಕಿಗೆ ದಪ್ಪ ಪರದೆ. ಸಣ್ಣ ಆಳು, ಇಸ್ತ್ರಿ ಹಾಕಿದ ಅಂಗಿ, ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ. ಬಾಗಿಲಲ್ಲೇ ಕೈಮುಗಿದರು.

“ನನ್ನ ಕಥೇನ ಉಳಿಸಿಬಿಟ್ರಿ ತಾಯಿ. ನಿನ್ನೆ ಸಂಪಾದಕರು ಫೋನ್ ಮಾಡಿದ ಕೂಡಲೇ ಕಳಿಸಿದೆ. ಆ ಸೋಪಿನವರು ಹಾಳಾಗಿ ಹೋಗಲಿ!”

“ಹೆಂಗಸಿನ ಬಾಯಲ್ಲಿ ಕ್ಲಿಪ್ಪು ಇತ್ತು ಅಂತ ಬರೆದಿದೀರಿ. ಅದು ಹಳೇ ಸುದ್ದೀಲಿ ಇಲ್ಲ. ಎಲ್ಲಿಂದ ಬಂತು?”

“ಓ, ಅದಾ! ಅದು ನನ್ನದಲ್ಲ. ಒಬ್ಬ ಓದುಗರು ಕೊಟ್ಟಿದ್ದು.”

“ಯಾರು?”

“ಹೆಸರು ಹೇಳಲಿಲ್ಲ. ಪತ್ರಿಕೆ ಬಂದ ದಿನ ತಪ್ಪದೆ ಫೋನ್ ಮಾಡೋರು. ಅವಳು ಕೂಗಿಕೊಂಡು ಬಿದ್ದಳು ಅಂತ ನಾನು ಬರೆದಿದ್ದೆ. ಆ ಮನುಷ್ಯ ಫೋನ್ ಮಾಡಿ, ‘ಕೂಗಲಿಲ್ಲ ಸ್ವಾಮಿ, ಬಾಯಲ್ಲಿ ಕ್ಲಿಪ್ಪಿತ್ತು, ದಯವಿಟ್ಟು ತಿದ್ದಿ’ ಅಂದ. ಎಂಥ ವಿವರ ಹೇಳಿ! ಹತ್ತು ರಾತ್ರಿ ಕೂತ್ರೂ ನನಗೆ ಹೊಳೀತಿರಲಿಲ್ಲ.”

“ದನಿ ಹೇಗಿತ್ತು?”

“ವಯಸ್ಸಾದವರದು. ಹಿಂದುಗಡೆ ಟಿಕ್ ಟಿಕ್ ಅಂತ ಸದ್ದು. ಒಂದಲ್ಲ, ಬೇಕಾದಷ್ಟು. ಒಂದು ಸಲ ಮೂರು ಗಂಟೆಗೆ ಮಾಡಿದ್ರು ನೋಡಿ, ಮೂರು ಬಾರಿಸೋದು ಮುಗೀಲೇ ಇಲ್ಲ.” ಅವರು ನಕ್ಕರು.

ನನಗೆ ನಗು ಬರಲಿಲ್ಲ. ಅಷ್ಟು ಗಡಿಯಾರಗಳ ನಡುವೆ ಕುಳಿತು ಫೋನ್ ಮಾಡುವವರು ಆ ಸುತ್ತಿನಲ್ಲಿ ಒಬ್ಬರೇ. ತನ್ನ ಹೆಂಡತಿಯ ಸಾವಿನ ಕಥೆಯನ್ನು ವಾರವಾರ ಓದಿ, ತಪ್ಪು ತಿದ್ದಲು ಬರೆದವರಿಗೇ ಫೋನ್ ಮಾಡುವ ಗಂಡ. ಕೊಲೆ ಮಾಡಿದವನು ಹಾಗೆ ಮಾಡುತ್ತಾನೆಯೇ? ಮಾಡದವನಾದರೂ ಮಾಡುತ್ತಾನೆಯೇ? ಯಾವ ಕಡೆಯಿಂದ ಹಿಡಿದರೂ ಎಳೆ ಕೈಗೆ ಬರಲಿಲ್ಲ.

“ಮತ್ತೇನಾದ್ರೂ ತಿದ್ದಿಸಿದರಾ?”

“ಕೊನೇ ಎರಡು ವಾರ ಜೀವ ತಿಂದುಬಿಟ್ರು. ‘ಆ ಮಗೂನ ಕಥೆಯಿಂದ ತೆಗೀರಿ’ ಅಂತ. ಆಗಲ್ಲ ಅಂದೆ. ‘ಹೋಗಲಿ, ಗಂಡನ ಮೇಲೆ ಹಾಕಿ ಮುಗಿಸಿ, ಓದೋರಿಗೂ ಅದೇ ಇಷ್ಟ’ ಅಂತ ಗೋಗರೆದ್ರು.”

“ನೀವು?”

“ನಾನ್ಯಾಕೆ ಹಾಕಲಿ? ಗಂಡನ ಮೇಲೆ ಹಾಕೋದು ಎಲ್ಲರೂ ಮಾಡೋದು. ಓದುಗರಿಗೆ ಬೇಕಾದದ್ದನ್ನೇ ಕೊಡೋದಾದ್ರೆ ನಾನು ಅಂಗಡಿ ಇಡ್ತಿದ್ದೆ. ಅವರಿಗೆ ಉತ್ತರ ಬೇಕು. ನನಗೆ ಬೇಕಾದದ್ದು ಅವರು ಪತ್ರಿಕೆ ಮುಚ್ಚಿದ ಮೇಲೂ ಒದ್ದಾಡೋದು.”

“ಆ ಪ್ಯಾರಾ ಹೇಳಿ.”

“ನಾಳೆ ಓದಿದ್ರೆ ಚೆನ್ನ...”

“ಹೇಳಿ ಅಂದೆ!”

ಅವರು ಬೆಚ್ಚಿದರು. ಆಮೇಲೆ ಗೋಡೆಯ ಕಡೆ ನೋಡುತ್ತಾ, ಬಾಯಿಪಾಠ ಒಪ್ಪಿಸುವವರಂತೆ ಹೇಳಿದರು.

“‘ಬಂದದ್ದು ಗಂಡನಾಗಿರಲಿಲ್ಲ. ಒದ್ದೆ ಬೆಡ್‌ಶೀಟಿನ ಆಚೆ ಎರಡು ಪುಟ್ಟ ಪಾದಗಳಿದ್ದವು. ಅಮ್ಮನ ಜೊತೆ ಆಡಬೇಕೆಂದು ಮಗು ಬೆಡ್‌ಶೀಟನ್ನು ಎರಡೂ ಕೈಯಿಂದ ಹಿಡಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಎಳೆಯಿತು. ಬೇಡ ಎನ್ನಲು ಅವಳ ಬಾಯಿಗೆ ಬಿಡುವಿರಲಿಲ್ಲ.’”

ಕೋಣೆಯಲ್ಲಿ ಗಾಳಿಯೇ ಇಲ್ಲ ಅನ್ನಿಸಿತು. ನಾನು ಹೋಗಿ ಪರದೆ ಸರಿಸಿದೆ.

“ಚೆನ್ನಾಗಿದೆ ಅಲ್ವಾ?” ಎಂದರು ಅವರು, ಮೆಲ್ಲಗೆ.

“ಆ ಮಗುವಿಗೆ ಈಗ ಇಪ್ಪತ್ತು ದಾಟಿದೆ. ನಿಮ್ಮ ಪತ್ರಿಕೇನ ಪ್ರತಿವಾರ ಓದ್ತಾಳೆ. ಗೊತ್ತಾ ನಿಮಗೆ?”

“ನನ್ನ ಕಥೇಲಿರೋ ಮಗು ಬೇರೆ. ನಾನು ಕಟ್ಟಿದ್ದು ಅದು. ಕ್ಲಿಪ್ಪು ಇದೆ, ಬೆಡ್‌ಶೀಟು ಇದೆ, ಮೆಟ್ಟಿಲು ಇದೆ. ಕೂಡಿಸಿದೆ. ಅಷ್ಟೇ ನನ್ನ ಕೆಲಸ.”

“ಬೇರೆ ಅಂತ ನಿಮಗೆ ಗೊತ್ತು. ಓದೋರಿಗೆ ಯಾರು ಹೇಳ್ತಾರೆ? ಅವಳಿಗೆ ಯಾರು ಹೇಳ್ತಾರೆ? ಫೋನ್ ಮಾಡ್ತಿದ್ದಿದ್ದು ಅವಳಪ್ಪ ಕಣ್ರೀ!”

ಕಾದಂಬರಿಕಾರರು ಕುರ್ಚಿ ಹುಡುಕಿಕೊಂಡು ಕುಳಿತರು. ಮುಖ ಬಿಳುಪೇರಿತ್ತು. ಅವರಿಗೆ ನಿಜವಾಗಿ ನೋವಾಗಿದೆ ಎಂದುಕೊಂಡೆ. ಆಗಿತ್ತೋ ಏನೋ. ಆದರೆ ತಲೆಯೆತ್ತಿದಾಗ ಕಣ್ಣಿನಲ್ಲಿ ಬೇರೆಯದೇ ಒಂದು ಹೊಳಪಿತ್ತು.

“ಹಾಗಾದ್ರೆ... ನಿಜವಾಗ್ಲೂ ಆ ಮಗೂನೇನಾ?”

ಜೀವನದಲ್ಲಿ ಯಾರಿಗೂ ಕೈ ಮಾಡಿದವಳಲ್ಲ ನಾನು. ಅವತ್ತು ಸ್ವಲ್ಪದರಲ್ಲೇ ತಪ್ಪಿತು.

ಅಲ್ಲಿಂದಲೇ ಸಂಪಾದಕಿಗೆ ಫೋನ್ ಮಾಡಿದೆ. ನಿಲ್ಲಿಸಿ, ಹೇಗಾದರೂ ನಿಲ್ಲಿಸಿ ಎಂದೆ.

“ಬಂಡಲುಗಳು ಬೆಳಿಗ್ಗೇನೇ ಹೊರಟುಹೋದವು. ಎಲ್ಲಾ ಕಡೆ ಹೋಗಿವೆ,” ಎಂದರು ಅವರು, ತಬ್ಬಿಬ್ಬಾಗಿ. “ನೀವೇ ತಾನೇ ಹಠ ಹಿಡಿದು ಹಾಕಿಸಿದ್ದು?”

ನಾನೇ. ಇಡೀ ಕಥೆಯಲ್ಲಿ ಒಂದೇ ಒಂದು ಸಾಲು ಕೇಳಿಸಿಕೊಂಡು, ಅದು ನನಗೆ ಬೇಕಾದ ಹಾಗಿದೆ ಎಂದು ಎದ್ದು ಓಡಿದವಳು ನಾನೇ. ಕಥೆ ಓದುವವರನ್ನು ಇನ್ನು ಯಾವ ಬಾಯಿಂದ ಆಡಿಕೊಳ್ಳಲಿ?

*

ಗಡಿಯಾರದ ಅಂಗಡಿಗೆ ಗಾಜಿನ ಬದಲು ರಟ್ಟು ಹೊಡೆದಿದ್ದರು. ಒಳಗೆ ಗೋಡೆ ತುಂಬ ಗಡಿಯಾರಗಳು, ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದವು. ಗಿರಾಕಿ ಒಬ್ಬರೂ ಇಲ್ಲ. ರಿಪೇರಿಯವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಯಾವುದೋ ಕೈಗಡಿಯಾರದ ಹೊಟ್ಟೆ ಬಿಚ್ಚಿದ್ದರು. ಹೋದ ಸಲ ಬಂದಾಗ, ಕಲ್ಲು ಹೊಡೆದವರ ಮೇಲೆ ದೂರು ಯಾಕೆ ಕೊಟ್ಟಿಲ್ಲ ಎಂದು ಕೇಳಿದ್ದಕ್ಕೆ ಸುಮ್ಮನೆ ನಕ್ಕಿದ್ದರು. ಆ ನಗು ಯಾತರದ್ದು ಎಂದು ನನಗೆ ಬಗೆಹರಿದಿರಲಿಲ್ಲ.

“ಪ್ರತಿವಾರ ಫೋನ್ ಮಾಡ್ತಿದ್ದಿದ್ದು ನೀವು.”

ಅವರು ಮಸೂರ ತೆಗೆದರು. ಇಲ್ಲ ಎನ್ನಲಿಲ್ಲ.

“ಅವಳು ಬೀದಿಗೆಲ್ಲ ಕೇಳೋ ಹಾಗೆ ಕೂಗಿಕೊಂಡಳು ಅಂತ ಬರೆದಿದ್ರು. ನನ್ನ ಹೆಂಡತಿ ಕೂಗಿದ್ರೆ ನಾನು ಓಡಿಹೋಗ್ತಿರಲಿಲ್ವಾ ಅಮ್ಮಾ? ಅದೊಂದು ತಡ್ಕೊಳ್ಳೋಕಾಗ್ಲಿಲ್ಲ. ಬೇರೆ ಏನು ಬೇಕಾದ್ರೂ ಬರ್ಕೊಳ್ಳಲಿ ಅಂತಿದ್ದೆ.”

“ಕ್ಲಿಪ್ಪಿನ ವಿಷಯ ನಿಮಗೆ ಹೇಗೆ ಗೊತ್ತು?”

“ಅವತ್ತು ಮಗಳ ಫ್ರಾಕು ಬಿಚ್ಚಿದಾಗ ಜೇಬಲ್ಲಿ ಸಿಕ್ತು. ಹಲ್ಲಿನ ಗುರುತಿತ್ತು ಅದರ ಮೇಲೆ.”

“ಏನಾಯ್ತು ಅಂತ ಅವಳನ್ನ ಕೇಳಲಿಲ್ವಾ?”

“ಎಷ್ಟೋ ದಿನ ಅವಳ ಬಾಯಿಂದ ಮಾತೇ ಹೊರಡಲಿಲ್ಲ. ಆಮೇಲೆ ಮಾತು ಬಂತು. ಕೇಳಿದ್ರೆ ಮತ್ತೆ ನಿಂತುಹೋದರೆ? ಕೇಳಲಿಲ್ಲ.”

“ಹಾಗಾದ್ರೆ ನಿಮಗೂ ಗೊತ್ತಿಲ್ಲ.”

“ಗೊತ್ತಿಲ್ಲ. ನಾನು ಇಲ್ಲೇ ಕೂತಿದ್ದೆ. ಕಾಲು ಜಾರಿದ್ರೂ ಜಾರಿರಬಹುದು.” ಅವರು ಬಿಚ್ಚಿಟ್ಟ ತಿರುಪುಗಳನ್ನು ಬೆರಳ ತುದಿಯಿಂದ ಒಂದೊಂದಾಗಿ ತಟ್ಟೆಯ ಮಧ್ಯಕ್ಕೆ ತಂದರು. “ಆ ಬರೆಯೋ ಮನುಷ್ಯ ಮಗೂನ ಮೆಟ್ಟಿಲ ಮೇಲೆ ಕೂರಿಸಿದಾಗಲೇ ನನಗೆ ಭಯ ಶುರುವಾಯ್ತು. ಕಥೆಗೆ ಒಬ್ಬರು ಬೇಕೇ ಬೇಕು ಅಂದ್ರೆ ನಾನಿದ್ದೀನಲ್ಲ. ಕೊನೇ ಕಂತು ಓದಿ ಎಷ್ಟು ಹಗುರಾಯ್ತು ಗೊತ್ತಾ? ಗಾಜೇನು, ಮತ್ತೆ ಹಾಕಿಸಿದ್ರೆ ಆಯ್ತು.”

“ಮಗಳು ನಿಮ್ಮನ್ನ ಬಿಟ್ಟುಹೋದಳಲ್ಲ?”

“ಹೋಗಲಿ. ನನ್ನ ಮೇಲೆ ಸಿಟ್ಟು ಮಾಡ್ಕೊಂಡು ಎಲ್ಲೋ ಒಂದು ಕಡೆ ಬದುಕ್ತಾಳೆ. ತನ್ನ ಮೇಲೇ ಮಾಡ್ಕೊಂಡ್ರೆ ಎಲ್ಲಿಗೆ ಹೋಗ್ತಾಳೆ?”

ನಾಳೆಯ ಸಂಚಿಕೆಯ ವಿಷಯ ಹೇಳದೆ ಗತಿಯಿರಲಿಲ್ಲ. ಹೇಳಿದೆ. ನಾನೇ ಹಾಕಿಸಿದ್ದು ಎಂಬುದನ್ನೂ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಕೈಯಲ್ಲಿದ್ದ ಚಿಮಟವನ್ನು ಮೇಜಿನ ಮೇಲಿಟ್ಟರು, ಮತ್ತೆ ತೆಗೆದುಕೊಂಡರು, ಮತ್ತೆ ಇಟ್ಟರು.

“ಅವಳಿಗೆ ನೀವು ಹೇಳಿಬಿಡಿ,” ಎಂದರು ಆಮೇಲೆ. “ನಾನೇ ಅಂತ ಹೇಳಿಬಿಡಿ. ನೀವು ಪತ್ತೇದಾರರು. ಪತ್ರಿಕೆಗಿಂತ ನಿಮ್ಮ ಮಾತು ನಂಬ್ತಾಳೆ.”

“ನಿನ್ನೆ ತಾನೇ ನೀವಲ್ಲ ಅಂತ ಹೇಳಿದೀನಿ!”

“ತಪ್ಪು ತಿಳ್ಕೊಂಡಿದ್ದೆ ಅನ್ನಿ. ಏನು ಹೋಗುತ್ತೆ ನಿಮ್ಮ ಗಂಟು?”

ಬಾಗಿಲಲ್ಲಿ ನೆರಳು ಬಿತ್ತು. ಮಗಳು. ಕೈಯಲ್ಲಿ ಬಟ್ಟೆಯ ಚೀಲ, ಮನೆ ಬಿಟ್ಟಾಗ ಒಯ್ದದ್ದೇ ಇರಬೇಕು. ಅಪ್ಪನನ್ನು ನೋಡಿದಳು, ಗಾಜಿನ ಜಾಗದಲ್ಲಿದ್ದ ರಟ್ಟನ್ನು ನೋಡಿದಳು, ನನ್ನನ್ನು ನೋಡಿದಳು.

“ಮೇಡಂ ಹೇಳಿದ್ರು ಅಪ್ಪ. ನೀವಲ್ಲ ಅಂತ.”

“ಅವರಿಗೇನು ಗೊತ್ತು?” ರಿಪೇರಿಯವರು ಎಷ್ಟು ಬೇಗ ಎದ್ದುನಿಂತರೆಂದರೆ ತಿರುಪುಗಳೆಲ್ಲ ನೆಲಕ್ಕೆ ಚೆಲ್ಲಿದವು. “ನಾನೇ ಮಗಳೇ. ಏನೋ ಜಗಳ ಆಯ್ತು. ಮೇಲೆ ಹೋದೆ. ಸಿಟ್ಟಲ್ಲಿ ತಳ್ಳಿಬಿಟ್ಟೆ. ಇಷ್ಟು ವರ್ಷ ನಿನ್ನ ಹತ್ರ ಸುಳ್ಳು ಹೇಳಿದೆ.”

ನನ್ನ ಕೆಲಸದಲ್ಲಿ ಸುಳ್ಳು ಬೇಕಾದಷ್ಟು ಕೇಳಿದ್ದೇನೆ. ಇಷ್ಟು ಕೆಟ್ಟದಾಗಿ ಹೇಳಿದ ಸುಳ್ಳನ್ನು ಕೇಳಿರಲಿಲ್ಲ.

ಮಗಳು ಚೀಲವನ್ನು ಕೆಳಗಿಟ್ಟಳು. ಅವಳು ಅಳುತ್ತಾಳೆ, ಇಲ್ಲವೇ ಕೂಗಾಡುತ್ತಾಳೆ ಎಂದುಕೊಂಡು ನಾನು ಒಂದು ಹೆಜ್ಜೆ ಮುಂದೆ ಬಂದೆ. ಅವಳು ಎರಡೂ ಮಾಡಲಿಲ್ಲ. ಅಪ್ಪನಿಗೆ ಬೆನ್ನು ಹಾಕಿ ನನ್ನ ಕಡೆ ತಿರುಗಿದಳು.

“ಒಂದು ಮಾತು ನಿಮಗೆ ಹೇಳಿರಲಿಲ್ಲ ಮೇಡಂ. ಈ ಕಥೆ ಬರೋ ತನಕ ನಾನು ಅಂದ್ಕೊಂಡಿದ್ದೇ ಬೇರೆ. ಬೆಡ್‌ಶೀಟಿನ ಆ ಕಡೆ ಅಮ್ಮ, ಈ ಕಡೆ ನಾನು. ಎಳೆದೆನೋ ಇಲ್ವೋ ನೆನಪಿಲ್ಲ. ಎಷ್ಟು ನೆನೆಸಿಕೊಂಡ್ರೂ ಬರೀ ಬಿಳೀ ಬಟ್ಟೆ ಕಾಣುತ್ತೆ. ಎಳೆದಿರಬೇಕು ಅಂತ್ಲೇ ದೊಡ್ಡವಳಾದೆ.”

ರಿಪೇರಿಯವರ ಬಾಯಿಂದ ಒಂದು ಸದ್ದು ಬಂತು. ಅವಳು ತಿರುಗಲಿಲ್ಲ.

“ಕೊನೇ ಕಂತಲ್ಲಿ ಅಪ್ಪ ಅಂತ ಓದಿದೆ ನೋಡಿ, ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಹೆತ್ತ ಅಪ್ಪ ಕೊಲೆಗಾರ ಅಂತ ಓದಿ ನನಗೆ ಸುಖವಾಗಿ ನಿದ್ದೆ ಬಂತು ಮೇಡಂ. ಬೆಳಿಗ್ಗೆ ಎದ್ದು ಅವರ ಮುಖ ನೋಡೋಕಾಗದೆ ಮನೆ ಬಿಟ್ಟೆ. ಹೌದೋ ಅಲ್ಲವೋ ಅಂತ ನಿಮ್ಮನ್ನ ಕೇಳಿದ್ದು ಅದಕ್ಕೇ. ನೀವು ಅಲ್ಲ ಅಂದ್ರಿ.”

ಅವಳು ನನ್ನ ತೋಳು ಹಿಡಿದುಕೊಂಡಳು.

“ಹೇಳಿ ಮೇಡಂ. ನಾಳೆ ಪತ್ರಿಕೇಲಿ ಯಾರು ಅಂತ ಇದೆ?”

ಅವಳ ಬೆನ್ನ ಹಿಂದೆ ರಿಪೇರಿಯವರು ಎರಡೂ ಕೈ ಮುಗಿದು ನನ್ನನ್ನೇ ನೋಡುತ್ತಾ ನಿಂತಿದ್ದರು.